ಒಂದೇ ಶಾಲೆಯಲ್ಲಿ ನಾಲ್ಕು ಥರದ ಆಸ್ಪತ್ರೆ ಬಿಲ್ಲು: ಶಾಲೆಯ ಎಲ್ಲರಿಗೂ ರಾಜ್ಯಮಟ್ಟದ ಒಂದೇ ಆರೋಗ್ಯ ನಿಧಿ ಯಾಕಾಗಬಾರದು?

ಜಗಳೂರು_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಜಗಳೂರು ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸರ್ಕಾರಿ ನೌಕರರಿಗೆ ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುವ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತಲ್ಲ, ಅದರ ಬಗ್ಗೆ ಒಂದು ಮಾತು ಕೇಳಬೇಕಿತ್ತು. ತಿಂಗಳಿಗೆ ಎ ಗ್ರೂಪಿನವರಿಗೆ 1,000, ಬಿ ಗ್ರೂಪಿಗೆ 500, ಸಿ ಗ್ರೂಪಿಗೆ 350, ಡಿ ಗ್ರೂಪಿಗೆ 250 ರೂಪಾಯಿ ವಂತಿಕೆ. ನಾನು ಸಿ ಗ್ರೂಪ್. 350 ಕೊಡುವುದಕ್ಕೆ ನನಗೆ ಏನೂ ಬೇಜಾರಿಲ್ಲ.

ಬೇಜಾರು ಬೇರೆ ಇದೆ. ನಮ್ಮ ಶಾಲೆಯಲ್ಲಿ ಕಾಯಂ ಶಿಕ್ಷಕರಿಗೆ ಕಾರ್ಡ್ ಇದೆ. ನಮ್ಮಷ್ಟೇ ಪೀರಿಯಡ್ ತೆಗೆದುಕೊಳ್ಳುವ ಅತಿಥಿ ಶಿಕ್ಷಕಿಗೆ ಇಲ್ಲ. ಬಿಸಿಯೂಟ ಮಾಡುವ ಅಕ್ಕಂದಿರಿಗೆ ಇಲ್ಲ. ಊರಿನ ಇನ್ನೊಂದು ತುದಿಯಲ್ಲಿ ಅನುದಾನಿತ ಹೈಸ್ಕೂಲ್ ಇದೆ, ಅಲ್ಲಿನ ಮೇಷ್ಟ್ರುಗಳಿಗೂ ಇಲ್ಲ. ಕಳೆದ ಮಳೆಗಾಲದಲ್ಲಿ ಅತಿಥಿ ಶಿಕ್ಷಕಿಗೆ ಡೆಂಗಿ ಆಯಿತು. ಪ್ಲೇಟ್‌ಲೆಟ್ ಇಳಿದು ದಾವಣಗೆರೆಗೆ ಕರೆದುಕೊಂಡು ಹೋದರು. ಅಡ್ವಾನ್ಸ್ ಕಟ್ಟಲು ದುಡ್ಡಿಲ್ಲದೆ ಅವರ ಅಣ್ಣ ನಮಗೆ ಫೋನ್ ಮಾಡಿದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈಲಾದಷ್ಟು ಹಾಕಿದೆವು. ಅಡುಗೆ ಅಕ್ಕನೂ 200 ರೂಪಾಯಿ ಕೊಟ್ಟಳು. ಅವಳಿಗೇ ಏನಾದರೂ ಆದರೆ ಯಾರು ಕೊಡಬೇಕು?

ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ದುಡಿಯುವ ಎಲ್ಲರನ್ನೂ, ಕಾಯಂ ಇರಲಿ ಗೌರವಧನ ಇರಲಿ, ಒಂದೇ ನಿಧಿಯಲ್ಲಿ ಸೇರಿಸಿದರೆ ಏನು ತೊಂದರೆ? ಇದು ನಡೆಯುವ ಮಾತಾ, ಇಲ್ಲವಾ? ತಿಳಿದವರು ಹೇಳಿ.

ಕೋಟೆ_ಹುಡುಗ:
ಮೇಷ್ಟ್ರೇ, ಮನಸ್ಸು ಒಳ್ಳೆಯದು. ಆದರೆ ಮೊದಲು ನಮಗೆ ಕೊಟ್ಟಿರುವುದೇ ಸರಿಯಾಗಿ ನಡೆಯಲಿ. ಚಿತ್ರದುರ್ಗದಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಹೆಂಡತಿಯನ್ನು ಕರೆದುಕೊಂಡು ಒಂದು ಖಾಸಗಿ ಆಸ್ಪತ್ರೆಗೆ ಹೋದರು. "ಪಟ್ಟಿಯಲ್ಲಿ ನಮ್ಮ ಹೆಸರಿದೆ, ಆದರೆ ಇನ್ನೂ ಶುರು ಮಾಡಿಲ್ಲ ಸರ್" ಎಂದರಂತೆ. ಇರುವವರಿಗೇ ಹೀಗೆ. ಇನ್ನೂ ಲಕ್ಷಗಟ್ಟಲೆ ಜನ ತುಂಬಿದರೆ ನಮಗೂ ಇಲ್ಲ, ಅವರಿಗೂ ಇಲ್ಲ ಅನ್ನುವಂತಾಗುತ್ತದೆ.

ಹೊನ್ನಾಳಿ_ಟೀಚರ್:
ಕೋಟೆ ತಮ್ಮಾ, ಹಳೇ ಕಾಲ ನೀನು ನೋಡಿಲ್ಲ ಅಂತ ಕಾಣುತ್ತದೆ. 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಪ್ರಕಾರ ಮೊದಲು ನಾವು ಕೈಯಿಂದ ಕಟ್ಟಬೇಕಿತ್ತು. ಆಮೇಲೆ ಬಿಲ್ಲು, ಡಿಸ್ಚಾರ್ಜ್ ಸಮರಿ, ತುರ್ತು ಚಿಕಿತ್ಸೆ ಸರ್ಟಿಫಿಕೇಟ್ ಎಲ್ಲಾ ಜೋಡಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಬೇಕಿತ್ತು. ನಮ್ಮ ಯಜಮಾನರಿಗೆ ಗಾಲ್‌ಬ್ಲಾಡರ್ ಆಪರೇಷನ್ ಆದಾಗ ನಾನು ಬಂಗಾರ ಅಡ ಇಟ್ಟು ಬಿಲ್ ಕಟ್ಟಿದೆ. ಆಫೀಸಿನಲ್ಲಿ ಕೇಳಿದರೆ "ಮೆಡಿಕಲ್ ಬಿಲ್‌ಗೆ ಗ್ರಾಂಟ್ ಬಂದಿಲ್ಲ ಮೇಡಂ" ಅನ್ನುವ ಉತ್ತರ. ಕೊನೆಗೆ ಬಂದಾಗ ಸರ್ಕಾರ ಒಪ್ಪಿದ ದರದಷ್ಟು ಮಾತ್ರ ಬಂತು. ನಾನು ಕೊಟ್ಟ ಬಡ್ಡಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುವುದು ದೊಡ್ಡ ಮಾತು. ಅದು ನಮಗೆ ಸಿಕ್ಕಿದೆ ಅಂತ ಬಾಗಿಲು ಹಾಕಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಹರಿಹರ_ಹೊಸಬ:
ನಾನು ಕೆಲಸಕ್ಕೆ ಸೇರಿ ಇನ್ನೂ ಜಾಸ್ತಿ ದಿನ ಆಗಿಲ್ಲ. ವಯಸ್ಸು 28. ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ಪಿಂಚಣಿಯ ಎನ್‌ಪಿಎಸ್‌ಗೆ ಹೋಗುತ್ತೆ, ಜೀವ ವಿಮೆಯ ಕೆಜಿಐಡಿಗೆ ಹೋಗುತ್ತೆ, ಈಗ ಇದೂ ಒಂದು. ವರ್ಷಕ್ಕೆ 4,200. ಬೇಕಾದವರು ಕಟ್ಟಲಿ, ಬೇಡದವರನ್ನು ಬಿಡಲಿ. ಹಾಗೆ ಆಯ್ಕೆ ಇರಬೇಕು ಅಲ್ವಾ?

ನ್ಯಾಮತಿ_ರೈತ:
ಇದಕ್ಕೆ ಮುಂಚೆ ಜ್ಯೋತಿ ಸಂಜೀವಿನಿ ಯೋಜನೆ ಇತ್ತಲ್ಲ ನಿಮಗೆಲ್ಲ? ಅದು ಪೂರ್ತಿ ಉಚಿತ ಇತ್ತು. ಎಲ್ಲಾ ಕಾಯಿಲೆಗೂ ನಡೆಯುತ್ತಿತ್ತು. ಈಗ ಯಾಕೆ ಗಲಾಟೆ?

ಹೊನ್ನಾಳಿ_ಟೀಚರ್:
ಎಲ್ಲಾ ಕಾಯಿಲೆಗೂ ಇರಲಿಲ್ಲ ಅಣ್ಣಾ. ಏಳು ವಿಭಾಗ ಮಾತ್ರ. ಹೃದಯ, ಕ್ಯಾನ್ಸರ್, ನರ, ಮೂತ್ರಾಂಗ, ಸುಟ್ಟ ಗಾಯ, ದೊಡ್ಡ ಅಪಘಾತ, ಹಸುಗೂಸು ಮತ್ತು ಮಕ್ಕಳ ಶಸ್ತ್ರಚಿಕಿತ್ಸೆ. ಡೆಂಗಿ, ಟೈಫಾಯ್ಡ್, ಹೆರಿಗೆ, ಅಪೆಂಡಿಕ್ಸ್ ಯಾವುದೂ ಅದರಲ್ಲಿ ಬರುತ್ತಿರಲಿಲ್ಲ. ವಂತಿಕೆ ಇರಲಿಲ್ಲ ಅನ್ನುವುದು ನಿಜ.

ಲೆಕ್ಕದ_ಮೇಡಂ:
ಹರಿಹರದ ತಮ್ಮನಿಗೆ ಉತ್ತರ ಕೊಡುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವಳು, ಸ್ವಲ್ಪ ಉದ್ದ ಆಗುತ್ತದೆ.

ಒಂದು ತಾಲೂಕಿನಲ್ಲಿ 1,000 ಜನ ಶಾಲಾ ಸಿಬ್ಬಂದಿ ಇದ್ದಾರೆ ಅಂದುಕೊಳ್ಳಿ. ತಲಾ 350ರಂತೆ ವರ್ಷಕ್ಕೆ 42 ಲಕ್ಷ ಕೂಡುತ್ತದೆ. ಆ ವರ್ಷ ಅದೇ ತಾಲೂಕಿನಲ್ಲಿ ನಾಲ್ಕೈದು ಕ್ಯಾನ್ಸರ್, ಒಂದು ಕಿಡ್ನಿ ಬದಲಾವಣೆ, ಒಂದಷ್ಟು ಬೈಪಾಸ್ ಬಂದರೆ ದುಡ್ಡು ಮುಗಿದೇ ಹೋಯಿತು. ಮುಂದಿನ ವರ್ಷ ವಂತಿಕೆ ಏರಿಸಬೇಕು, ಇಲ್ಲವೇ ಚಿಕಿತ್ಸೆ ಕಡಿಮೆ ಮಾಡಬೇಕು. ಇದೇ ಲೆಕ್ಕವನ್ನು 1 ಲಕ್ಷ ಜನರಿಗೆ ಹಾಕಿ. 42 ಕೋಟಿ. ಒಂದು ತಾಲೂಕಿನಲ್ಲಿ ಕೆಟ್ಟ ವರ್ಷ ಬಂದರೆ ಇನ್ನೊಂದು ಕಡೆ ಒಳ್ಳೆಯ ವರ್ಷ ಇರುತ್ತದೆ. ಒಟ್ಟಾರೆ ಖರ್ಚು ವರ್ಷದಿಂದ ವರ್ಷಕ್ಕೆ ಅಷ್ಟೊಂದು ಅಲ್ಲಾಡುವುದಿಲ್ಲ. ಇನ್ನೊಂದು ಲಾಭ ಇದೆ. ಲಕ್ಷಾಂತರ ಜನರ ಪರವಾಗಿ ಒಬ್ಬರೇ ಕೂತು ದರ ಮಾತಾಡಿದರೆ ಆಸ್ಪತ್ರೆಯವರು ಇಳಿಯಲೇಬೇಕಾಗುತ್ತದೆ. ರಾಜ್ಯಮಟ್ಟ ಬೇಕು ಅನ್ನುವುದು ಈ ಎರಡು ಕಾರಣಕ್ಕೆ.

ಇನ್ನು ಆಯ್ಕೆಯ ಮಾತು. ಬೇಡದವರು ಹೊರಗೆ ಹೋಗಬಹುದು ಅಂದರೆ ಮೊದಲು ಹೋಗುವವರು 28 ವರ್ಷದವರು. ಉಳಿಯುವವರು ಬಿಪಿ, ಶುಗರ್ ಇರುವ ನಮ್ಮಂಥವರು. ಆಗ ತಲೆ ಮೇಲಿನ ಖರ್ಚು ಏರುತ್ತದೆ, ವಂತಿಕೆ ಏರುತ್ತದೆ. ಅದನ್ನು ನೋಡಿ ಇನ್ನಷ್ಟು ಆರೋಗ್ಯವಂತರು ಹೊರಡುತ್ತಾರೆ. ಕೊನೆಗೆ ಕಾಯಿಲೆಯವರು ಮಾತ್ರ ಉಳಿದು ನಿಧಿ ಮುಳುಗುತ್ತದೆ. ಇದು ಚೀಟಿ ಹಾಕಿದಂತೆ ಅಲ್ಲ ತಮ್ಮಾ. ಚೀಟಿಯಲ್ಲಿ ಕಟ್ಟಿದವನಿಗೆ ಒಂದು ದಿನ ದುಡ್ಡು ಬರಲೇಬೇಕು. ಇಲ್ಲಿ ನಿನಗೆ ಒಂದು ರೂಪಾಯಿಯೂ ವಾಪಸ್ ಬರದಿದ್ದರೆ ಅದೇ ಅದೃಷ್ಟ.

ಹರಿಹರ_ಹೊಸಬ:
ಲೆಕ್ಕ ಅರ್ಥ ಆಯಿತು ಮೇಡಂ. ಆದರೂ ಅದೇ 4,200ಕ್ಕೆ ಇನ್ನೊಂದಿಷ್ಟು ಸೇರಿಸಿ ಖಾಸಗಿ ಪಾಲಿಸಿ ತಗೊಂಡರೆ ನನಗೆ ಬೇಕಾದ ಆಸ್ಪತ್ರೆಗೆ ಹೋಗಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಲೆಕ್ಕದ_ಮೇಡಂ:
ನಿನ್ನೊಬ್ಬನಿಗೆ ಸಿಗುತ್ತದೆ. ನಿನ್ನ ಅಪ್ಪ ಅಮ್ಮನಿಗೆ ಕೇಳಿ ನೋಡು. 60 ದಾಟಿ ಶುಗರ್ ಇದ್ದರೆ ಪ್ರೀಮಿಯಂ ಎಷ್ಟು ಹೇಳುತ್ತಾರೆ ಅಂತ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮುಂಚೆ ನಾಲ್ಕು ವರ್ಷ ಇತ್ತು, 2024ರಲ್ಲಿ ಮೂರಕ್ಕೆ ಇಳಿಸಿದರು. ಅವಲಂಬಿತ ತಂದೆ ತಾಯಿಯನ್ನೂ ಸೇರಿಸಿಕೊಳ್ಳುವ ಯೋಜನೆಯನ್ನು ನಿನ್ನೊಬ್ಬನ ಪಾಲಿಸಿ ಜೊತೆ ಹೋಲಿಸಬೇಡ.

ಅನುದಾನಿತ_ನೌಕರ:
ಇಷ್ಟು ಹೊತ್ತು ಓದಿ ಸುಮ್ಮನಿದ್ದೆ. ಇನ್ನು ಆಗಲ್ಲ.

ನಾನು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ದಾವಣಗೆರೆ, ಚಿತ್ರದುರ್ಗ ಭಾಗದಲ್ಲಿ ಹಳ್ಳಿಗೆ ಹೈಸ್ಕೂಲ್ ಬಂದಿದ್ದೇ ಎಷ್ಟೋ ಕಡೆ ಮಠಗಳಿಂದ, ಸಂಘ ಸಂಸ್ಥೆಗಳಿಂದ. ಸಿರಿಗೆರೆಯ ತರಳಬಾಳು ಸಂಸ್ಥೆ ಊರೂರಿಗೆ ಶಾಲೆ ತೆರೆಯದಿದ್ದರೆ ನಮ್ಮ ತಂದೆಯವರು ಏಳನೇ ಕ್ಲಾಸಿಗೇ ನಿಲ್ಲುತ್ತಿದ್ದರು. ನಾವು ಕಲಿಸುವುದು ಅದೇ ಪಠ್ಯ. ಬರೆಸುವುದು ಅದೇ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಸಂಬಳ ಬರುವುದು ಸರ್ಕಾರದ ಖಜಾನೆಯಿಂದಲೇ. ಚುನಾವಣೆ ಕೆಲಸಕ್ಕೆ ಕರೆದಾಗ ನಮ್ಮನ್ನೂ ಕರೆಯುತ್ತಾರೆ. ಆಸ್ಪತ್ರೆ ಅಂದ ಕೂಡಲೇ ನಾವು ಬೇರೆ. ಜ್ಯೋತಿ ಸಂಜೀವಿನಿಯಲ್ಲಿ ಇರಲಿಲ್ಲ, ಇದರಲ್ಲೂ ಇಲ್ಲ. 2006ರ ಏಪ್ರಿಲ್ ನಂತರ ಸೇರಿದ ನಮ್ಮವರಿಗೆ ಪಿಂಚಣಿ ವಿಷಯದಲ್ಲೂ ಇದೇ ಗತಿ.

ವಂತಿಕೆ ಕೊಡಲ್ಲ ಅಂತ ನಾವು ಯಾವತ್ತೂ ಹೇಳಿಲ್ಲ. 350 ಅಲ್ಲ, 500 ತಗೊಳ್ಳಲಿ. ಸೇರಿಸಿಕೊಳ್ಳಿ ಅಷ್ಟೇ.

ಕೋಟೆ_ಹುಡುಗ:
ಸರ್, ನಿಮ್ಮ ನೋವು ಗೊತ್ತಾಗುತ್ತದೆ. ಆದರೆ ನಿಮ್ಮ ಉದ್ಯೋಗದಾತ ಆಡಳಿತ ಮಂಡಳಿ. ಅವರೂ ಪಾಲು ಕೊಡಬೇಕಲ್ವಾ?

ಅನುದಾನಿತ_ನೌಕರ:
ಆಡಳಿತ ಮಂಡಳಿ ಕೊಡಲಿ ಅಂತ ಕಾಯುತ್ತಾ ಕೂತರೆ ನಾನು ನಿವೃತ್ತಿ ಆಗಿಬಿಡುತ್ತೇನೆ. ಪಾಲಿನ ಜಗಳ ಅವರೂ ಸರ್ಕಾರವೂ ಬಗೆಹರಿಸಿಕೊಳ್ಳಲಿ. ನನ್ನ ಮಗಳ ಕಾಯಿಲೆ ಅಲ್ಲಿಯವರೆಗೆ ಕಾಯುವುದಿಲ್ಲ.

ಕಾಸರಗೋಡು_ಭಾವ:
ನಮ್ಮ ಅಕ್ಕನನ್ನು ಕಾಸರಗೋಡಿಗೆ ಕೊಟ್ಟಿದ್ದೇವೆ. ಭಾವ ಅಲ್ಲಿ ಒಂದು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಮೇಷ್ಟ್ರು. ಕೇರಳದಲ್ಲಿ ಮೆಡಿಸೆಪ್ ಅಂತ ಯೋಜನೆ 2022ರ ಜುಲೈ 1ರಂದು ಶುರುವಾಯಿತು. ಶುರುವಿನಲ್ಲಿ ತಿಂಗಳಿಗೆ 500 ರೂಪಾಯಿ, ಕುಟುಂಬಕ್ಕೆ ವರ್ಷಕ್ಕೆ 3 ಲಕ್ಷದವರೆಗೆ. ಅನುದಾನಿತ ಶಾಲೆಯವರೂ ಅದರಲ್ಲಿದ್ದಾರೆ. ಪಿಂಚಣಿದಾರರೂ ಇದ್ದಾರೆ, ಅವರಿಗೆ ಪಿಂಚಣಿಯಿಂದಲೇ ವಂತಿಕೆ ಹಿಡಿಯುತ್ತಾರೆ. ಅಂಗ ಬದಲಾವಣೆಯಂಥ ದೊಡ್ಡ ಖರ್ಚಿಗೆ ಬೇರೆ ಒಂದು ನಿಧಿಯನ್ನೇ ತೆಗೆದಿಟ್ಟರು. ಹಾಗಾಗಿ "ಅನುದಾನಿತರನ್ನು ಸೇರಿಸಲು ಬರುವುದಿಲ್ಲ" ಅನ್ನುವ ಮಾತು ಪಕ್ಕದ ರಾಜ್ಯ ನೋಡಿದರೆ ನಿಲ್ಲುವುದಿಲ್ಲ.

ಬಿಲ್ಲಿಂಗ್_ಕೌಂಟರ್:
ಕೇರಳದ್ದು ಹೇಳುವಾಗ ಪೂರ್ತಿ ಹೇಳಿ ಭಾವ. ಅಲ್ಲಿಯೂ ಶುರುವಿನಲ್ಲಿ ಎಷ್ಟೋ ದೊಡ್ಡ ಆಸ್ಪತ್ರೆಗಳು ದರ ಸಾಲದು ಅಂತ ಹೊರಗೇ ಉಳಿದವು. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ನೋಡುತ್ತೇನೆ, ಹೆಸರು ಬೇಡ. ನಮ್ಮ ಕಡೆಯಿಂದಲೂ ಕೇಳಿ.

ಪ್ಯಾಕೇಜ್ ದರ ಅಂತ ಒಂದು ಇರುತ್ತದೆ. ಇಂಥ ಆಪರೇಷನ್‌ಗೆ ಇಷ್ಟು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಆ ದರವನ್ನು ಎಷ್ಟೋ ವರ್ಷ ಪರಿಷ್ಕರಿಸದೇ ಬಿಟ್ಟರೆ ಆಸ್ಪತ್ರೆಯವರು ಹಿಂದೆ ಸರಿಯುತ್ತಾರೆ. ಆಮೇಲೆ ಪ್ರೀ ಆಥ್. ಚಿಕಿತ್ಸೆಗೆ ಮುಂಚೆ ಯೋಜನೆ ನಡೆಸುವ ಟ್ರಸ್ಟ್‌ನಿಂದ ಒಪ್ಪಿಗೆ ಬರಬೇಕು. ರಿಪೋರ್ಟ್ ಒಂದು ಕಡಿಮೆ ಇದ್ದರೂ ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತಾರೆ. ರೋಗಿ ಕಡೆಯವರು ನಮ್ಮ ಮೇಲೆ ಕೂಗುತ್ತಾರೆ. ದುಡ್ಡು ಬರುವುದೂ ತಡ ಆದರೆ ಮ್ಯಾನೇಜ್‌ಮೆಂಟ್‌ನವರು "ಈ ಸ್ಕೀಮ್ ರೋಗಿ ಕಡಿಮೆ ತಗೊಳ್ಳಿ" ಅನ್ನುತ್ತಾರೆ. ಇದು ಎಲ್ಲಾ ಕಡೆ ಇರುವ ಮಾತು.

ಜನರನ್ನು ಸೇರಿಸಿ ಅನ್ನುವ ಬೇಡಿಕೆ ಜೊತೆಗೆ ಎರಡು ಮಾತು ಸೇರಿಸಿ. ದರವನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಬಿಲ್ ಪಾವತಿಗೆ ಗಡುವು ಇರಬೇಕು. ಇವೆರಡೂ ಇಲ್ಲದಿದ್ದರೆ ಕಾರ್ಡ್ ಹಿಡಿದುಕೊಂಡು ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ ಅಷ್ಟೇ.

ಕೋಟೆ_ಹುಡುಗ:
ನಾನು ಮೊದಲೇ ಹೇಳಿದ್ದು ಇದನ್ನೇ.

ಹೊನ್ನಾಳಿ_ಟೀಚರ್:
ಇದನ್ನೇ ಅಲ್ಲ. ನೀನು ಜನ ಜಾಸ್ತಿ ಆದರೆ ಹಾಳಾಗುತ್ತದೆ ಅಂದೆ. ಅವರು ದರ ಮತ್ತು ಪಾವತಿ ಸರಿ ಇಲ್ಲದಿದ್ದರೆ ಹಾಳಾಗುತ್ತದೆ ಅಂದರು. ಎರಡೂ ಬೇರೆ ಬೇರೆ.

ಬೆಣ್ಣೆದೋಸೆ_ಪ್ರಿಯ:
ಬಿಲ್ಲಿಂಗ್ ಅಣ್ಣಾ, ಕಾರ್ಡ್ ಇರುವವರು ಆಸ್ಪತ್ರೆಗೆ ಬಂದ ಕೂಡಲೇ ಯಾರನ್ನು ಕಾಣಬೇಕು? ನಮ್ಮ ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕು.

ಬಿಲ್ಲಿಂಗ್_ಕೌಂಟರ್:
ಮೊದಲು ಯೋಜನೆಯ ರೋಗಿಗಳಿಗೆ ದಾರಿ ತೋರಿಸಲು ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ, ಅವರ ಡೆಸ್ಕ್ ಎಲ್ಲಿದೆ ಕೇಳಿ. ಅಡ್ಮಿಟ್ ಆಗುವ ಮುಂಚೆಯೇ ಕಾರ್ಡ್, ಆಧಾರ್ ತೋರಿಸಿ. ಅಡ್ಮಿಟ್ ಆಗಿ ಕ್ಯಾಶ್ ಅಂತ ಬರೆಸಿದ ಮೇಲೆ ಬದಲಾಯಿಸುವುದು ಬಹಳ ಕಷ್ಟ.

ಸಿಯಾಟಲ್_ದಾವಣಗೆರೆ:
ನಾನು ವಿದ್ಯಾನಗರದವನು, ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದ್ದೇನೆ. ಹೆಂಡತಿ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಸಹಾಯಕಿ. ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಈ ರಾಜ್ಯದವರು ಕೇಳಿಕೊಂಡು ಉತ್ತರವನ್ನೂ ಕಂಡುಕೊಂಡಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಕ್ಕೆ ಇಲ್ಲಿ ಶಾಲಾ ಜಿಲ್ಲೆ ಅನ್ನುತ್ತಾರೆ, ಅಂಥವು 295. ಮುಂಚೆ ಒಂದೊಂದು ಜಿಲ್ಲೆಯೂ ತನ್ನ ನೌಕರರಿಗೆ ತಾನೇ ವಿಮೆ ಮಾತಾಡಿಕೊಳ್ಳುತ್ತಿತ್ತು. ಶಿಕ್ಷಕರಿಗೆ ಹೇಗೋ ನಡೆಯುತ್ತಿತ್ತು. ಬಸ್ ಓಡಿಸುವವರು, ಅಡುಗೆಯವರು, ಸಹಾಯಕಿಯರು ಹೆಂಡತಿ ಮಕ್ಕಳನ್ನು ಸೇರಿಸಲು ಹೋದರೆ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. 2017ರಲ್ಲಿ ಕಾನೂನು ಮಾಡಿ ಇಡೀ ರಾಜ್ಯಕ್ಕೆ ಒಂದೇ ಶಾಲಾ ನೌಕರರ ಸೌಲಭ್ಯ ಮಂಡಳಿ ಮಾಡಿದರು. 2020ರ ಜನವರಿ 1ರಿಂದ ಅದರ ಮೂಲಕವೇ ವಿಮೆ. ಒಂದು ಶಾಲಾ ವರ್ಷದಲ್ಲಿ 630 ಗಂಟೆ ಕೆಲಸ ಇದ್ದರೆ ಸಾಕು, ಸೌಲಭ್ಯ ಸಿಗುತ್ತದೆ. ಪೂರ್ತಿ ಕುಟುಂಬ ಸೇರಿಸಿದರೂ ನೌಕರ ಕಟ್ಟುವ ಕಂತು ಒಬ್ಬರ ಕಂತಿನ ಮೂರು ಪಟ್ಟು ದಾಟುವಂತಿಲ್ಲ.

ಖರ್ಚು ಏರಿತು ಅಂತ ಶಾಲಾ ಜಿಲ್ಲೆಗಳು ತಕರಾರು ಎತ್ತಿದ್ದೂ ನಿಜ. ಅರೆಕಾಲಿಕದವರು ತುಂಬಾ ಜನ ಒಳಗೆ ಬಂದರು. ಆದರೆ ಅವರು ಒಳಗೆ ಬರಲಿ ಅಂತಲೇ ಅಲ್ವಾ ಮಾಡಿದ್ದು.

ಕೋಟೆ_ಹುಡುಗ:
ಅಮೆರಿಕದಲ್ಲಿ ದುಡ್ಡಿದೆ ಸ್ವಾಮಿ. ಮೊಳಕಾಲ್ಮೂರಿಗೂ ಸಿಯಾಟಲ್‌ಗೂ ಏನು ಸಂಬಂಧ?

ಸಿಯಾಟಲ್_ದಾವಣಗೆರೆ:
ದುಡ್ಡಿದ್ದರೂ ಕೆಡಿಸಬಹುದು, ಅದಕ್ಕೂ ಇಲ್ಲೇ ಉದಾಹರಣೆ ಇದೆ. ಟೆಕ್ಸಾಸ್ ರಾಜ್ಯದಲ್ಲಿ ಶಾಲಾ ನೌಕರರಿಗೆ ರಾಜ್ಯಮಟ್ಟದ ಯೋಜನೆ 2002ರಲ್ಲಿ ಶುರುವಾಯಿತು. ಆಗ ತಲೆಗೆ ತಿಂಗಳಿಗೆ 75 ಡಾಲರ್ ರಾಜ್ಯದ ಪಾಲು ಅಂತ ಗೊತ್ತು ಮಾಡಿದರು. ಆಸ್ಪತ್ರೆ ಖರ್ಚು ಎಷ್ಟು ಏರಿದರೂ ಇಪ್ಪತ್ತು ವರ್ಷ ದಾಟಿದರೂ ಆ 75 ಏರಲಿಲ್ಲ. ಏರಿದ ಭಾರವೆಲ್ಲ ಶಿಕ್ಷಕರ ಮೇಲೆ, ಶಾಲೆಗಳ ಮೇಲೆ ಬಿತ್ತು. ಎಲ್ಲರನ್ನೂ ಒಂದೇ ಕಡೆ ಸೇರಿಸಿ ಸರ್ಕಾರ ತನ್ನ ಪಾಲನ್ನು ಅಲ್ಲೇ ನಿಲ್ಲಿಸಿದರೆ ಹೀಗಾಗುತ್ತದೆ. ಕರ್ನಾಟಕದಲ್ಲೂ ಸರ್ಕಾರದ ಪಾಲು ಎಷ್ಟು, ಅದು ಹೇಗೆ ಏರಬೇಕು ಅಂತ ಮೊದಲೇ ಬರೆಸಿಕೊಳ್ಳಬೇಕು.

ಲೆಕ್ಕದ_ಮೇಡಂ:
ಈ ಮಾತು ಬಹಳ ಮುಖ್ಯ. ವಂತಿಕೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಸರ್ಕಾರದ ಪಾಲು ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಮೊಳಕಾಲ್ಮೂರು_ಅಕ್ಕೋರು:
ಮೊಳಕಾಲ್ಮೂರಿನ ಹೆಸರು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಜಿಲ್ಲಾ ಮಟ್ಟದಲ್ಲಿ ಏನಾದರೂ ಮಾಡಿದ್ದರೆ ನಮ್ಮಂಥ ಗಡಿ ತಾಲೂಕಿನವರು ಸತ್ತೇ ಹೋಗುತ್ತಿದ್ದೆವು. ರಾತ್ರಿ ಹೊತ್ತು ಎದೆ ನೋವು ಬಂದರೆ ಜಿಲ್ಲೆ ಯಾವುದು ಅಂತ ನೋಡುತ್ತಾ ಕೂರಲು ಆಗುತ್ತಾ? ರಾಜ್ಯಮಟ್ಟದ ಕಾರ್ಡ್ ಆದರೆ ಬಳ್ಳಾರಿಯಲ್ಲೂ ನಡೆಯುತ್ತೆ, ದಾವಣಗೆರೆಯಲ್ಲೂ ನಡೆಯುತ್ತೆ, ಬೆಂಗಳೂರಿನ ಜಯದೇವ, ಕಿದ್ವಾಯಿಗೆ ಹೋದರೂ ನಡೆಯುತ್ತೆ. ಆದರೆ ನಮ್ಮ ತಾಲೂಕಿನಲ್ಲೇ ಪಟ್ಟಿಗೆ ಸೇರುವಂಥ ಒಂದು ಆಸ್ಪತ್ರೆ ಬೇಕು. ದೊಡ್ಡ ಊರಿನ ಪಟ್ಟಿ ಎಷ್ಟು ಉದ್ದ ಇದ್ದರೂ ನಮಗೆ ಆಂಬುಲೆನ್ಸ್ ದಾರಿ ಉದ್ದವೇ.

ನಿವೃತ್ತ_ಮುಖ್ಯಗುರು:
ಮಕ್ಕಳೇ, ಚರ್ಚೆ ಚೆನ್ನಾಗಿದೆ. ನಾನು ಹೊಳಲ್ಕೆರೆ ಕಡೆಯವನು. ನಿವೃತ್ತನಾಗಿ ಬಹಳ ವರ್ಷ ಆಯಿತು.

ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಕಷ್ಟ ಬಂದವರನ್ನು ಎತ್ತುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಸರ್ಕಾರಿ ನೌಕರರ ಜೀವ ವಿಮೆ ಮೈಸೂರು ಸಂಸ್ಥಾನದಲ್ಲಿ 1891ರಲ್ಲೇ ಶುರುವಾಯಿತು. ನೀವೆಲ್ಲ ಕೆಜಿಐಡಿ ಅಂತ ಕಟ್ಟುತ್ತಿರುವುದು ಅದರ ಮುಂದುವರಿಕೆ. ಸಹಕಾರ ಸಂಘದ ರೈತರಿಗೆ ಯಶಸ್ವಿನಿ 2003ರಲ್ಲಿ ಬಂತು. ಶುರುವಿನಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ. ನಮ್ಮ ಊರಿನ ಸೊಸೈಟಿಯಲ್ಲಿ ಸೆಕ್ರೆಟರಿ ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡು ಬರುತ್ತಿದ್ದ. ಆ 60 ರೂಪಾಯಿಯಲ್ಲಿ ಹೃದಯದ ಆಪರೇಷನ್ ಆದವರು ಇದ್ದಾರೆ. ಜನ ಲಕ್ಷಗಟ್ಟಲೆ ಸೇರಿದ್ದರಿಂದ ಅದು ನಡೆಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು. ರೈತರು ಬಿಡದೆ ಕೇಳಿದ್ದರಿಂದ 2022-23ರಲ್ಲಿ ಮತ್ತೆ ತಂದರು. ಕೇಳಿದರೆ ಬರುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಈಗ ನನ್ನ ಮಾತು. 33 ವರ್ಷ ಸೇವೆ ಮಾಡಿದೆ. ಸೇವೆಯಲ್ಲಿದ್ದಾಗ ಜ್ವರಕ್ಕೂ ರಜೆ ಹಾಕಿದವನಲ್ಲ. ಕಾಯಿಲೆ ಎಲ್ಲಾ ಬಂದಿದ್ದು ನಿವೃತ್ತಿ ಆದ ಮೇಲೆ. ಜ್ಯೋತಿ ಸಂಜೀವಿನಿಯಲ್ಲಿ ನಿವೃತ್ತರು ಇರಲಿಲ್ಲ. ಆರೋಗ್ಯವಾಗಿದ್ದಾಗ ರಕ್ಷಣೆ, ಕಾಯಿಲೆ ಬರುವ ವಯಸ್ಸಿಗೆ ಕೈಬಿಡುವುದು ಅಂದರೆ ಹೇಗೆ? ನಮ್ಮ ಪಿಂಚಣಿಯಿಂದ ಹಿಡಿಯಲಿ, ನಾವು ಬೇಡ ಅನ್ನುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ನಮ್ಮನ್ನೂ ಬರೆದುಕೊಳ್ಳಿ.

ಹರಿಹರ_ಹೊಸಬ:
ಗುರುಗಳೇ, ನಿವೃತ್ತರು ಸೇರಿದರೆ ಖರ್ಚು ಬಹಳ ಏರುತ್ತದಲ್ವಾ? ಮೇಡಂ ಲೆಕ್ಕದ ಪ್ರಕಾರವೇ ಕೇಳುತ್ತಿದ್ದೇನೆ, ಬೇರೆ ಅರ್ಥ ಇಲ್ಲ.

ಲೆಕ್ಕದ_ಮೇಡಂ:
ಏರುತ್ತದೆ. ಅದನ್ನು ಮುಚ್ಚಿಡಬಾರದು. ಅದಕ್ಕೆ ಸರ್ಕಾರದ ಪಾಲು ಜಾಸ್ತಿ ಬೇಕು. ಆದರೆ ನೀನು 28ರಿಂದ 60ರವರೆಗೆ ಕಟ್ಟಿದ್ದು ಯಾವುದಕ್ಕೆ? 60 ಆದ ಮೇಲೆ ನಿನಗೂ ಸಿಗಲಿ ಅಂತ ಬರೆಸಿಕೊಂಡರೆ ಈಗ ಕಟ್ಟುವ 350ಕ್ಕೆ ನಿನಗೇ ಒಂದು ಅರ್ಥ ಬರುತ್ತದೆ.

ಹರಿಹರ_ಹೊಸಬ:
ಹಾಗಾದರೆ ನಾನು ಕಟ್ಟಲು ತಯಾರು. ಇದನ್ನು ಯಾರೂ ಹೀಗೆ ಹೇಳಿರಲಿಲ್ಲ.

ಪೊಲೀಸ್_ಲೇನ್:
ಪೊಲೀಸರಿಗೆ ಆರೋಗ್ಯ ಭಾಗ್ಯ ಎಷ್ಟೋ ವರ್ಷದಿಂದ ಇದೆ. ತಿಂಗಳಿಗೆ ಸಂಬಳದಲ್ಲಿ ಹಿಡಿಯುತ್ತಾರೆ, ಕ್ಯಾಶ್‌ಲೆಸ್ ಸಿಗುತ್ತದೆ. ನಮ್ಮ ಮನೆಯವರಿಗೆ ಅದರಲ್ಲೇ ಆಪರೇಷನ್ ಆಗಿದ್ದು. ಇಲಾಖೆ ಒಗ್ಗಟ್ಟಾಗಿ ಇದ್ದರೆ ಆಗುತ್ತದೆ. ಶಿಕ್ಷಕರಲ್ಲಿ ಸಂಘಗಳೇ ಎಷ್ಟೊಂದು, ಮೊದಲು ನೀವು ಒಂದಾಗಿ.

ಅನುದಾನಿತ_ನೌಕರ:
ಸತ್ಯ.

ಚಳ್ಳಕೆರೆ_ಹುಡುಗಿ:
ನಮ್ಮ ಅಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳಿಗೆ ಟೈಪ್ ಮಾಡಲು ಬರಲ್ಲ, ನಾನೇ ಬರೆಯುತ್ತಿದ್ದೇನೆ. ಮೇಷ್ಟ್ರು ಅಡುಗೆಯವರ ಹೆಸರು ಎತ್ತಿದ್ದಕ್ಕೆ ಬಹಳ ಖುಷಿಯಾಯಿತು.

ಕೋಟೆ_ಹುಡುಗ:
ತಂಗಿ, ನಿಮ್ಮದು ಬಿಪಿಎಲ್ ಕಾರ್ಡ್ ಇರುತ್ತದೆ ಅಲ್ವಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ. ನಮಗಿಂತ ನಿಮಗೇ ವಾಸಿ. ಅಡುಗೆಯವರನ್ನು ಇದಕ್ಕೆ ಯಾಕೆ ಎಳೆಯಬೇಕು ಅಂತ ನನಗೆ ಅರ್ಥವಾಗುತ್ತಿಲ್ಲ.

ಚಳ್ಳಕೆರೆ_ಹುಡುಗಿ:
ಅಣ್ಣಾ, ಇದೆ. ಇತ್ತು ಅನ್ನಬೇಕು. ನಮ್ಮಣ್ಣನಿಗೆ ಬೆಂಗಳೂರಿನಲ್ಲಿ ಒಂದು ಕಂಪನಿ ಕೆಲಸ ಸಿಕ್ಕ ಮೇಲೆ ಕಾರ್ಡ್ ಎಪಿಎಲ್ ಆಯಿತು. ಅಣ್ಣ ದುಡಿಯುವುದು ಅವನ ಬಾಡಿಗೆ, ಊಟಕ್ಕೇ ಸರಿಹೋಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಭಾಗ ಮಾತ್ರ ಸರ್ಕಾರ ಕೊಡುತ್ತದೆ, ಉಳಿದ 70 ನಾವೇ ಕಟ್ಟಬೇಕು. ಬಿಪಿಎಲ್ ಇದ್ದಾಗಲೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಬರೆಸಬೇಕಿತ್ತು.

ಇನ್ನೊಂದು ಮಾತು. ಅಮ್ಮನ ಕೆಲಸ ಬೆಂಕಿ ಹತ್ತಿರ. ಒಂದು ಸಲ ಸಾಂಬಾರ್ ಪಾತ್ರೆ ಇಳಿಸುವಾಗ ಜಾರಿ ಮೊಣಕಾಲಿನಿಂದ ಪಾದದವರೆಗೆ ಬೆಂದಿತ್ತು. ಶಾಲೆಯಲ್ಲಿ, ಶಾಲೆಯ ಮಕ್ಕಳಿಗೆ ಅಡುಗೆ ಮಾಡುವಾಗ ಆಗಿದ್ದು. ಅದಕ್ಕೆ ರೇಷನ್ ಕಾರ್ಡ್ ಯಾವ ಬಣ್ಣ ಅಂತ ನೋಡಿ ಚಿಕಿತ್ಸೆ ಕೊಡಬೇಕಾ? ಹುಡುಗರು ಊಟ ಮಾಡಿಲ್ಲ ಅಂತ ಅಮ್ಮ ಗಾಯ ಮಾಯುವ ಮುಂಚೆಯೇ ಮತ್ತೆ ಕೆಲಸಕ್ಕೆ ಹೋದಳು.

ಜಗಳೂರು_ಮೇಷ್ಟ್ರು:
ತಾಯೀ, ಇದನ್ನೇ ನಾನು ಹೇಳಬೇಕಿತ್ತು, ನೀನು ನನಗಿಂತ ಚೆನ್ನಾಗಿ ಹೇಳಿದೆ. ಬಡವರ ಯೋಜನೆಯಲ್ಲಿ ಇರುವುದು ಬೇರೆ. ಶಾಲೆಯ ಸಿಬ್ಬಂದಿ ಅನ್ನುವ ಹಕ್ಕಿನಿಂದ ಸಿಗುವುದು ಬೇರೆ. ಕಾರ್ಡ್ ಬದಲಾದರೂ ಕೆಲಸ ಅದೇ ಇರುತ್ತದೆ.

ಕೋಟೆ_ಹುಡುಗ:
ಕೆಲಸ ಮಾಡುವಾಗ ಆದ ಗಾಯಕ್ಕೆ ಶಾಲೆಯೇ ಜವಾಬ್ದಾರಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ ತಂಗಿ. ನನ್ನ ಪ್ರಶ್ನೆ ದುಡ್ಡಿನದು. ಅವರ ಗೌರವಧನದಲ್ಲಿ 250 ಹಿಡಿದರೆ ಅವರಿಗೇ ಭಾರ. ಹಿಡಿಯದಿದ್ದರೆ ಯಾರು ಕೊಡಬೇಕು?

ಲೆಕ್ಕದ_ಮೇಡಂ:
ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ನೋಡಿ. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು. ನೌಕರ ಕೊಡುವುದು ಸಂಬಳದ ಶೇ. 0.75, ಮಾಲೀಕ ಕೊಡುವುದು ಶೇ. 3.25. ಅಂದರೆ 10,000 ಬರುವವರಿಂದ 75 ರೂಪಾಯಿ. ಎಷ್ಟು ಬರುತ್ತದೋ ಅದಕ್ಕೆ ತಕ್ಕಂತೆ ಕೊಡುವುದು. ಅದೇ ದಾರಿಯಲ್ಲಿ ಗೌರವಧನದವರಿಂದ ಚಿಕ್ಕ ಪಾಲು, ಉಳಿದಿದ್ದು ಸರ್ಕಾರದಿಂದ. ಎ ಗ್ರೂಪಿನವರು 1,000, ಡಿ ಗ್ರೂಪಿನವರು 250 ಕೊಡುವುದು ಈಗಾಗಲೇ ಇದೇ ತತ್ವದ ಮೇಲೆ ಅಲ್ವಾ? ಇನ್ನೊಂದು ಮೆಟ್ಟಿಲು ಕೆಳಗೆ ಇಳಿಸಿದರಾಯಿತು.

ಕೋಟೆ_ಹುಡುಗ:
ಸರಿ. ಆದರೆ ಹಂತಹಂತವಾಗಿ. ಮೊದಲು ಅನುದಾನಿತರು, ಆಮೇಲೆ ಉಳಿದವರು. ಎಲ್ಲಾ ಒಟ್ಟಿಗೆ ಕೇಳಿದರೆ ಯಾವುದೂ ಸಿಗಲ್ಲ ಅನ್ನುವ ನನ್ನ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಹೊನ್ನಾಳಿ_ಟೀಚರ್:
ಹಂತಹಂತ ಅಂದರೆ ಕೊನೆಯ ಹಂತದವರು ಯಾವಾಗಲೂ ಅಡುಗೆ ಅಕ್ಕನೇ ಆಗುತ್ತಾಳೆ. ನಾನು ಒಪ್ಪಲ್ಲ. ಸಂಬಳ ಕಡಿಮೆ ಇರುವವರಿಂದ ಶುರು ಮಾಡಲಿ.

ಬೆಣ್ಣೆದೋಸೆ_ಪ್ರಿಯ:
ಇಬ್ಬರೂ ಜಗಳ ಆಡಬೇಡಿ. ಭಾನುವಾರ ದಾವಣಗೆರೆಗೆ ಬನ್ನಿ, ಮಿರ್ಚಿ ಮಂಡಕ್ಕಿ ನನ್ನ ಖರ್ಚು. ಕೂತು ಮಾತಾಡೋಣ.

ನಿರ್ವಾಹಕರು:
ಮಿರ್ಚಿ ಎಲ್ಲಿ ಚೆನ್ನಾಗಿದೆ ಅನ್ನುವ ಚರ್ಚೆ ಬೇರೆ ಎಳೆಯಲ್ಲಿ ನಡೆಯುತ್ತಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಆಸ್ಪತ್ರೆಗಳ ಹೆಸರು ಹಾಕಿ ದೂರು ಬರೆದ ಎರಡು ಪೋಸ್ಟ್ ತೆಗೆದಿದ್ದೇವೆ.

ಜಗಳೂರು_ಮೇಷ್ಟ್ರು:
ಭಾನುವಾರದ ಮಾತು ನನಗೆ ಇಷ್ಟವಾಯಿತು. ಇಷ್ಟು ಚರ್ಚೆ ಆಗಿದ್ದನ್ನು ಮನವಿ ಪತ್ರ ಮಾಡೋಣ. ನಾನು ಕರಡು ಬರೆಯುತ್ತೇನೆ. ಶಾಲೆಯಲ್ಲಿ ದುಡಿಯುವ ಎಲ್ಲರೂ ಒಂದೇ ನಿಧಿಯಲ್ಲಿ, ದುಡಿಮೆಗೆ ತಕ್ಕ ವಂತಿಕೆ, ನಿವೃತ್ತರೂ ಒಳಗೆ. ಸರ್ಕಾರದ ಪಾಲು ಎಷ್ಟು ಮತ್ತು ಹೇಗೆ ಏರಬೇಕು ಅನ್ನುವುದು ಬರವಣಿಗೆಯಲ್ಲಿ ಇರಬೇಕು. ಬಿಲ್ಲಿಂಗ್ ಅಣ್ಣ ಹೇಳಿದ ದರ ಪರಿಷ್ಕರಣೆ, ಪಾವತಿ ಗಡುವು. ಅಕ್ಕೋರು ಹೇಳಿದ ತಾಲೂಕಿಗೊಂದು ಆಸ್ಪತ್ರೆ. ಕೋಟೆ ತಮ್ಮನ ಹಂತದ ಮಾತನ್ನೂ ಬರೆಯುತ್ತೇನೆ, ಆದರೆ ಹೊನ್ನಾಳಿ ಮೇಡಂ ಹೇಳಿದ ಕ್ರಮದಲ್ಲಿ.

ಕೋಟೆ_ಹುಡುಗ:
ಕ್ರಮದ ಬಗ್ಗೆ ಭಾನುವಾರ ನೋಡೋಣ ಮೇಷ್ಟ್ರೇ. ಬರುತ್ತೇನೆ.

ಅನುದಾನಿತ_ನೌಕರ:
ನಮ್ಮ ತಾಲೂಕಿನ ಅನುದಾನಿತ ಶಾಲೆಗಳ ಸಹಿ ನಾನು ಮಾಡಿಸುತ್ತೇನೆ. ಪ್ರತಿಯೊಂದು ಶಾಲೆಯಲ್ಲೂ ಜವಾನರ ಸಹಿ, ಅಡುಗೆಯವರ ಸಹಿ ಮೊದಲು.

ಚಳ್ಳಕೆರೆ_ಹುಡುಗಿ:
ಅಮ್ಮ ಸಹಿ ಮಾಡುತ್ತಾಳಂತೆ. ಬರೆಯಲು ಬರುತ್ತದೆ, ಅವಳ ಹೆಸರು ಅವಳೇ ಬರೆಯುತ್ತಾಳೆ.

ಬೆಣ್ಣೆದೋಸೆ_ಪ್ರಿಯ:
ಮಧ್ಯದಲ್ಲಿ ಒಂದು ಸಣ್ಣ ಪ್ರಶ್ನೆ. ನಾನು ನೌಕರ, ತಾಯಿ ನನ್ನ ಜೊತೆಗೇ ಇದ್ದಾರೆ. ಅವರ ಹೆಸರು ಕಾರ್ಡಿನಲ್ಲಿ ಬಂದಿಲ್ಲ. ಏನು ಮಾಡಬೇಕು?

ಹೊನ್ನಾಳಿ_ಟೀಚರ್:
ಮೊದಲು ನೌಕರರ ವಿವರ ಇರುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಎಚ್‌ಆರ್‌ಎಂಎಸ್‌ನಲ್ಲಿ ಅವಲಂಬಿತರ ವಿವರದಲ್ಲಿ ತಾಯಿ ಹೆಸರು ಇದೆಯಾ ನೋಡಿ. ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು, ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ತೊಂದರೆ. ಇಲ್ಲದಿದ್ದರೆ ನಿಮ್ಮ ಡಿಡಿಒಗೆ (ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ) ಅರ್ಜಿ ಕೊಡಿ, ಅವರ ಲಾಗಿನ್‌ನಲ್ಲಿ ಸೇರಿಸಬೇಕು. ತಾಯಿಯ ಆದಾಯದ ಘೋಷಣೆ ಕೇಳುತ್ತಾರೆ, ಜೊತೆಗೇ ಇಟ್ಟುಕೊಂಡು ಹೋಗಿ. ಪೊರೆ ಆಪರೇಷನ್ ದಿನ ಗೊತ್ತು ಮಾಡುವ ಮುಂಚೆ ಇದನ್ನು ಮುಗಿಸಿ.